ಯಡ್ತರೆಯ ರೈತ ರಫ್ತು ನಂಬಿ ಕೋಳಿ ಶೆಡ್ ಕಟ್ಟಬೇಕೇ?

ಮೊಟ್ಟೆ ಉತ್ಪಾದನೆಯಲ್ಲಿ ಭಾರತಕ್ಕೆ ಜಗತ್ತಿನಲ್ಲೇ ಎರಡನೇ ಸ್ಥಾನ. 2023-24ರಲ್ಲಿ ನಮ್ಮ ಕೋಳಿಗಳು ಇಟ್ಟದ್ದು 14,277 ಕೋಟಿ ಮೊಟ್ಟೆ. ಈ ಉತ್ಪಾದನೆಯಲ್ಲಿ ಯಡ್ತರೆಯಂಥ ಬೈಂದೂರು ಸೀಮೆಯ ಊರಿನ ಸಣ್ಣ ರೈತನಿಗೆ ಪಾಲಿದೆಯೇ?

ಪರ

ಗದ್ದೆ ಹಡಿಲು ಬಿದ್ದಿದೆ, ಮಕ್ಕಳು ಬೆಂಗಳೂರು, ಮುಂಬೈಯ ಹೋಟೆಲು ಸೇರಿದ್ದಾರೆ. ಊರಲ್ಲೇ ತಿಂಗಳಿಗಿಷ್ಟು ದುಡಿಮೆ ಬೇಕೆಂದರೆ ಕೋಳಿ ಸಾಕಣೆ ಕಣ್ಣೆದುರಿಗಿರುವ ದಾರಿ. ಗುತ್ತಿಗೆ ಪದ್ಧತಿಯಲ್ಲಿ ಮರಿ, ಆಹಾರ, ಔಷಧಿ ಕಂಪನಿಯದು. ಶೆಡ್, ನೀರು, ಕರೆಂಟು, ದುಡಿಮೆ ರೈತನದು. ನಲವತ್ತು ದಿನದ ಆಸುಪಾಸಿನಲ್ಲಿ ಬ್ರಾಯ್ಲರ್ ಎರಡು ಕಿಲೋ ತೂಗುತ್ತದೆ, ಕಿಲೋ ಲೆಕ್ಕದಲ್ಲಿ ಕೂಲಿ ಕೈಸೇರುತ್ತದೆ. ಗಿರಾಕಿ ಹುಡುಕುವ ತಲೆಬಿಸಿ ಇಲ್ಲ.

ರಫ್ತೂ ಗಾಳಿಮಾತಲ್ಲ. ತಮಿಳುನಾಡಿನ, ಸಮುದ್ರವೇ ಇಲ್ಲದ ನಾಮಕ್ಕಲ್‌ನ ಮೊಟ್ಟೆ ಕೊಲ್ಲಿ ದೇಶಗಳಿಗೆ ಹೋಗುತ್ತದೆ. ನಮಗೆ ಹೆದ್ದಾರಿ 66 ಮಗ್ಗುಲಲ್ಲೇ ಇದೆ, ಮಂಗಳೂರಿನ ಪಣಂಬೂರು ಬಂದರು ಕೆಲವೇ ಗಂಟೆಗಳ ದಾರಿ. 2023ರಲ್ಲಿ ದೇಶದ 26 ಕೋಳಿ ಘಟಕಗಳು ಹಕ್ಕಿಜ್ವರ ಮುಕ್ತವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿದೆ. ಶಿಸ್ತಿನಿಂದ ಸಾಕಿದರೆ ಆ ಪಟ್ಟಿಗೆ ನಾವೂ ಸೇರಬಹುದು.

ವಿರೋಧ

ಆ 26 ಘಟಕಗಳಿರುವುದು ಮಹಾರಾಷ್ಟ್ರ, ತಮಿಳುನಾಡು, ಉತ್ತರ ಪ್ರದೇಶ, ಛತ್ತೀಸ್‌ಗಢದಲ್ಲಿ. ಅಂಥ ಕಟ್ಟುನಿಟ್ಟು ಸಣ್ಣ ಶೆಡ್ಡಿನವನ ಕೈಗೆಟುಕದು. 2024ರ ಡಿಸೆಂಬರ್‌ನಲ್ಲಿ ಓಮನ್ ಭಾರತದ ಮೊಟ್ಟೆ ಆಮದಿಗೆ ಹೊಸ ಪರವಾನಗಿ ನಿಲ್ಲಿಸಿದಾಗ ನಾಮಕ್ಕಲ್‌ನಂಥ ನಾಮಕ್ಕಲ್ಲೇ ಕಂಗಾಲಾಯಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿಗೆ ಹಕ್ಕಿಜ್ವರ ಬಂದು ಕೋಳಿಗಳನ್ನು ಕೊಲ್ಲಬೇಕಾಯಿತು.

ನಮ್ಮ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಷಾಢದಲ್ಲಿ ಶೆಡ್ಡಿನ ಪರದೆ ಮುಚ್ಚಿದರೆ ಗಾಳಿಯಾಡದು, ತೆರೆದರೆ ಎರಚಲು. ನೆಲಕ್ಕೆ ಹಾಸಿದ ಉಮಿ ಒದ್ದೆಯಾಗಿ ಗಂಟುಗಟ್ಟಿ ಕಣ್ಣುರಿಸುವ ವಾಸನೆ ಏಳುತ್ತದೆ. ಸುಣ್ಣ ಎರಚಿ ಕೆದಕುತ್ತಲೇ ಇರಬೇಕು. ಕೋಳಿ ಆಹಾರದ ಮೆಕ್ಕೆಜೋಳ ಘಟ್ಟ ಇಳಿದೇ ಬರಬೇಕು. ಶೆಡ್ಡಿನ ಸಾಲ ರೈತನ ಹೆಸರಲ್ಲಿದ್ದರೂ ಮುಂದಿನ ಬ್ಯಾಚು ಯಾವಾಗ ಎಂಬುದು ಕಂಪನಿಯ ಮರ್ಜಿ.

ಪರದೇಶಕ್ಕಿಂತ ಮೊದಲು ಮನೆಯ ತಟ್ಟೆ ನೋಡೋಣ. 2023-24ರಲ್ಲಿ ದೇಶದಲ್ಲಿ ತಲೆಗೆ ವರ್ಷಕ್ಕೆ ಸಿಕ್ಕಿದ್ದು 103 ಮೊಟ್ಟೆ. ಪೋಷಣಾ ತಜ್ಞರ ಶಿಫಾರಸು 180. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈಗ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ. ಹೀಗೆ ಇಲ್ಲೇ ಬೇಡಿಕೆಯಿದೆ. ಊರ ಕೋಳಿಗೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿಗೆ ಹಿತ್ತಲೇ ಸಾಕು, ಸಾಲ ಬೇಡ. ಶೆಡ್ಡೇ ಬೇಕೆನ್ನುವವರು ಖಾಲಿ ಬಿದ್ದ ದಿನಗಳಿಗೂ ಬಾಡಿಗೆ ಕೊಡುವ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಲಿ. ಅದಕ್ಕೆ ಒಪ್ಪದ ಕಂಪನಿಯನ್ನು ನಂಬಿ ಗದ್ದೆ ಅಡವಿಡಬಾರದು.