ಬೀದಿ ಬರೀ ಗಾಡಿಗಲ್ಲ

“ನಾವು ಚಿಕ್ಕವರಿದ್ದಾಗ ಬೀದೀಲೇ ಆಡ್ತಿದ್ವಿ” ಅಂತ ಮಕ್ಕಳಿಗೆ ಹೇಳ್ತೀರಲ್ಲ, ಆ ಬೀದೀನ ಅವರಿಗೂ ಯಾಕೆ ಕೊಡಿಸ್ತಿಲ್ಲ?

ಆಕ್ಲೆಂಡಿನ ಪೆನ್‌ರೋಸ್ ನೋಡಿ. ಗೋದಾಮು, ವರ್ಕ್‌ಶಾಪ್‌ಗಳ ಜಾಗ. ಮೌಂಟ್ ಸ್ಮಾರ್ಟ್ ಸ್ಟೇಡಿಯಂನಲ್ಲಿ ಮ್ಯಾಚ್ ಇಲ್ಲದ ಭಾನುವಾರ ಒಳರಸ್ತೆಗಳು ಖಾಲಿ ಹೊಡೀತಿರುತ್ತವೆ. ನಾವೋ, ಮಕ್ಕಳನ್ನು ಕಾರಲ್ಲಿ ಕೂರಿಸಿಕೊಂಡು ಅದೇ ರಸ್ತೆ ದಾಟಿ ಇನ್ನೆಲ್ಲಿಗೋ ಆಡಿಸೋಕೆ ಕರ್ಕೊಂಡು ಹೋಗ್ತೀವಿ!

“ರಸ್ತೆ ಇರೋದೇ ಗಾಡಿಗೆ” ಅಂತೀರಾ? ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲೇ ಮುಖ್ಯರಸ್ತೆಗಳನ್ನು ಸೈಕಲ್‌ನವರಿಗೆ, ನಡೆಯುವವರಿಗೆ ಬಿಡೋದು ಶುರುವಾಯಿತು. ಇವತ್ತಿಗೂ ಭಾನುವಾರ ಬಿಡ್ತಾರೆ. ನಮ್ಮ ಬೆಂಗಳೂರಲ್ಲೇ 2020ರ ನವೆಂಬರ್‌ನಿಂದ ಕೆಲವು ತಿಂಗಳು, ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟ್‌ಗೆ ಗಾಡಿ ಬಿಡುತ್ತಿರಲಿಲ್ಲ.

ಪೆನ್‌ರೋಸ್‌ನಲ್ಲೂ ಒಂದು ಚರ್ಚ್ ಸ್ಟ್ರೀಟ್ ಇದೆ. ಲಾರಿ ಓಡಾಡುವ ಆ ರಸ್ತೆ ಮುಚ್ಚಿ ಅಂತ ಕೇಳ್ತಿಲ್ಲ. ಒಂದು ಸಣ್ಣ ಬೀದಿ, ತಿಂಗಳಿಗೊಂದು ಭಾನುವಾರ, ಎರಡೇ ಗಂಟೆ ಸಾಕು.

ಆಟದ ಜೊತೆ ಭಾಷೆಯ ಪ್ರಶ್ನೆಯೂ ಇದೆ. ಹಾಲ್ ಬಾಡಿಗೆ ಹಿಡಿದು ಅಆಇಈ ಕಲಿಸ್ತೀವಿ, ಒಳ್ಳೇದೇ. ಆದರೆ “ನಾನು ಔಟ್ ಆಗಿಲ್ಲ ಕಣೋ!” ಅಂತ ಜಗಳ ಆಡೋ ಕನ್ನಡ ಬೆಂಚಿನ ಮೇಲೆ ಕೂತರೆ ಬರಲ್ಲ. ಲಗೋರಿ ಕಲ್ಲು ಜೋಡಿಸೋದನ್ನು ಕಂಡು ಪಕ್ಕದ ಮನೆಯ ಸಮೋವಾ ಹುಡುಗನೂ ಬಂದು ಸೇರ್ತಾನೆ. ಪರವೂರು ನಮ್ಮೂರಾಗೋದು ಹಾಗೇ.

ಹಳೇ ನೆನಪು ಹೇಳಿದ್ದು ಸಾಕು. ಅಕ್ಕಪಕ್ಕದ ಮನೆ, ಅಂಗಡಿಯವರ ಸಹಿ ತಗೊಳ್ಳಿ. ಮೌಂಗಾಕಿಯೆಕಿಯೆ-ತಾಮಾಕಿ ಲೋಕಲ್ ಬೋರ್ಡ್‌ಗೆ ಬರೆಯಿರಿ. ಕೇಳದೆ ಯಾರೂ ಬೀದಿ ಬಿಟ್ಟುಕೊಡಲ್ಲ.