ಮುಂದೆ ಒಂದೇ ಚಕ್ರ ಸಾಕು ಕಣ್ರೀ

ಮೊನ್ನೆ ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡೀತಾ ನಿಂತಿದ್ದಾಗ ಗೆಳೆಯನೊಬ್ಬ ಕೇಳಿದ. "ಸೈಕಲ್ ತಗೋಬೇಕು ಕಣೋ. ಅಂಗಡಿಯವನು 22 ಗೇರ್ ಇರೋದೇ ತಗೊಳ್ಳಿ ಅಂತಿದಾನೆ. ನಿಂದರಲ್ಲಿ ಎಷ್ಟಿದೆ?" ಹನ್ನೊಂದು ಅಂದೆ. "ಅಷ್ಟೇನಾ?" ಅಂತ ಗೋಡೆಗೆ ಒರಗಿದ್ದ ನನ್ನ ಸೈಕಲ್ಲನ್ನು ಒಂದು ಥರಾ ನೋಡಿದ. ಸೈಕಲ್ ಮೇಲೋ ನನ್ನ ಮೇಲೋ, ಅಂತೂ ಕನಿಕರ ಇತ್ತು ಆ ನೋಟದಲ್ಲಿ. ಅಲ್ಲೇ ಉತ್ತರ ಕೊಡೋಕೆ ಹೋಗಿ ಕಾಫಿ ಆರಿಹೋಯ್ತು. ಅದಕ್ಕೇ ಇಲ್ಲಿ ಬರೀತಿದೀನಿ.

ನಾನು ರೇಸಿನವನಲ್ಲ. ವಾರದಲ್ಲಿ ಮೂರ್ನಾಲ್ಕು ದಿನ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಕೆಲಸಕ್ಕೆ ಹೋಗಿ ಬರ್ತೀನಿ, ವಾಪಸ್ ಬರುವಾಗ ತರಕಾರಿ ತರ್ತೀನಿ, ಮನಸ್ಸು ಬಂದ ಭಾನುವಾರ ನಂದಿಬೆಟ್ಟ. ಎಲ್ಲದಕ್ಕೂ ಇರೋದು ಒಂದೇ ಸೈಕಲ್ಲು. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು, 32 ಮಿ.ಮೀ. ಟೈರು, ಹಿಂದೆ ಕ್ಯಾರಿಯರ್ರು. ಇಂಥ ಸೈಕಲ್ಲಿಗೆ ಪೆಡಲ್ ಹತ್ರ ಒಂದೇ ಚೈನ್ ವೀಲು, ಹಿಂದೆ ಅಗಲವಾದ ಕ್ಯಾಸೆಟ್ಟು ಇದ್ರೆ ಸಾಕು, ಸಾಕೇನು, ಅದೇ ಒಳ್ಳೇದು ಅನ್ನೋದು ನನ್ನ ವಾದ.

ಮೊದಲು ಈ 22ರ ಮಾಯೆ ಬಿಡಿಸೋಣ. ನಮ್ಮಲ್ಲಿ ಸೈಕಲ್ ಮಾರೋದೇ ಗೇರಿನ ಎಣಿಕೆ ಹೇಳಿ. ಮಕ್ಕಳ ಸೈಕಲ್ಲಿಗೂ 21 ಗೇರ್ ಅಂತ ಸ್ಟಿಕ್ಕರ್ ಅಂಟಿಸಿರ್ತಾರೆ. ಮುಂದೆ 3, ಹಿಂದೆ 7, ಗುಣಿಸಿದ್ರೆ 21. ರೋಡ್ ಬೈಕಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ ಹನ್ನೊಂದು, ಹಾಗಾಗಿ 22. ಈಗ ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ನೋಡಿ. ಹಿಂದೆ 11ರಿಂದ 32 ಹಲ್ಲಿನ ಕ್ಯಾಸೆಟ್ ಇದ್ರೆ, 34ಕ್ಕೆ 11 ಅಂದ್ರೆ 3.09, 50ಕ್ಕೆ 16 ಅಂದ್ರೆ 3.13. ಕಾಲಿಗೆ ಎರಡೂ ಒಂದೇ. 34ಕ್ಕೆ 22 ಅಂದ್ರೆ 1.55, 50ಕ್ಕೆ 32 ಅಂದ್ರೆ 1.56. ಇಂಥ ಜೋಡಿಗಳು ಏಳಾದರೂ ಸಿಗ್ತವೆ. ಅವನ್ನೆಲ್ಲ ಕಳೆದ್ರೆ ನಿಜವಾಗಿ ಉಳಿಯೋದು ಹದಿನೈದರ ಆಸುಪಾಸು.

ಆ ಹದಿನೈದರಲ್ಲೂ ಮೇಲಿನ ಮೂರ್ನಾಲ್ಕು ನಮಗೆ ಯಾಕೆ? 50-11ರಲ್ಲಿ ಪೆಡಲ್ ಒಂದು ಸುತ್ತು ತಿರುಗಿದ್ರೆ ಸೈಕಲ್ಲು 9.8 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 90 ಸುತ್ತು ತುಳಿದ್ರೆ ಗಂಟೆಗೆ 53 ಕಿ.ಮೀ. ಬುಲ್ ಟೆಂಪಲ್ ರಸ್ತೆಯಲ್ಲಿ! ಅಲ್ಲಿ ಆಟೋದವರಿಗೇ ಆ ಯೋಗ ಇಲ್ಲ.

ಬಸವನಗುಡಿ, ಮಲ್ಲೇಶ್ವರ ಎಲ್ಲ ಸಮತಟ್ಟು ಅಂದ್ಕೊಂಡಿರೋರು ಕಾರಲ್ಲಿ ಓಡಾಡೋರು. ವೃಷಭಾವತಿ ಹುಟ್ಟೋದು ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ನಮ್ಮ ಕಡೆಯವರು ಹೇಳ್ತಾರೆ. ಇಲ್ಲ, ಕಾಡು ಮಲ್ಲೇಶ್ವರನ ಎದುರಿಗಿರೋ ನಂದಿತೀರ್ಥದಲ್ಲಿ ಅಂತಾರೆ ಮಲ್ಲೇಶ್ವರದವರು. (ಆ ನದಿ ಈಗ ಏನಾಗಿದೆ ಅಂತ ಮೂಗಿರೋರಿಗೆಲ್ಲ ಗೊತ್ತು.) ಜಗಳ ಬೇಡ. ಸೈಕಲ್ಲಿನವನು ತಿಳ್ಕೋಬೇಕಾದ್ದು ಇಷ್ಟೇ: ಎರಡೂ ಊರು ದಿಬ್ಬದ ಮೇಲಿವೆ, ನಡುವೆ ತಗ್ಗು. ಆಶ್ರಮದ ಕಡೆಯಿಂದ ಚಾಮರಾಜಪೇಟೆಗೆ ಇಳೀಬೇಕು, ಸಿರ್ಸಿ ಸರ್ಕಲ್ ದಾಟಿ ಬಿನ್ನಿ ಮಿಲ್ ರಸ್ತೆ, ಓಕಳಿಪುರ, ಆಮೇಲೆ ಮತ್ತೆ ಹತ್ತಬೇಕು. ಉದ್ದದ ಏರು ಒಂದೂ ಇಲ್ಲ. ಇರೋದೆಲ್ಲ ಗಿಡ್ಡ ಏರು, ಅದರ ತುದಿಗೊಂದು ಸಿಗ್ನಲ್ಲು, ನಡುವೆ ಅಡ್ಡ ಬರೋ ಹಾಲಿನ ಗಾಡಿ. ಅಂದ್ರೆ ಗೇರು ಬದಲಿಸ್ತಾನೇ ಇರಬೇಕು, ಅದೂ ತಟ್ಟನೆ.

ಎರಡು ಚಕ್ರ ಕೈಕೊಡೋದು ಇಲ್ಲೇ. ಹಿಂದಿನ ಗೇರು ಒಂದು ಹೆಜ್ಜೆ ಬದಲಾಯಿಸಿದ್ರೆ ಕಾಲಿಗೆ ಸಣ್ಣ ವ್ಯತ್ಯಾಸ. ಮುಂದೆ 50ರಿಂದ 34ಕ್ಕೆ ಬಂದ್ರೆ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟ ಹಾಗೆ. ಅದನ್ನು ಸರಿದೂಗಿಸೋಕೆ ಅದೇ ಗಳಿಗೇಲಿ ಇನ್ನೊಂದು ಕೈಯಲ್ಲಿ ಹಿಂದಿನದನ್ನ ಎರಡು ಹೆಜ್ಜೆ ಎತ್ತಬೇಕು. ಖಾಲಿ ರಸ್ತೆಯಲ್ಲಿ ಇದು ಅಭ್ಯಾಸ ಆಗುತ್ತೆ. ಬೆನ್ನ ಹಿಂದೆ ಬಿಎಂಟಿಸಿ ಬಸ್ಸು ಹಾರನ್ ಹೊಡೀತಾ ಇದ್ರೆ?

ನನ್ನ ಮೊದಲ ರೋಡ್ ಬೈಕು 50-34, ಹಿಂದೆ 11-28. ಅಂಗಡಿಯಲ್ಲಿ ಹೇಳಿದ್ದನ್ನ ನಂಬಿ ತಂದಿದ್ದೆ. ಒಂದು ಬೆಳಿಗ್ಗೆ ಮಲ್ಲೇಶ್ವರದ ಏರಿನಲ್ಲಿ, ಜೋರಾಗಿ ತುಳೀತಿರುವಾಗಲೇ ಮುಂದಿನ ಗೇರು ಇಳಿಸಿದೆ. ಚೈನು ಒಳಗಡೆಗೆ ಕಳಚಿಕೊಂಡು ಪೆಡಲ್ ಗಾಳಿ ತುಳಿದಂತೆ ತಿರುಗಿ, ಮೊಣಕಾಲು ಹೋಗಿ ಹ್ಯಾಂಡಲ್ಲಿಗೆ ಬಡೀತು. ತಪ್ಪು ನಂದೇ, ಭಾರ ಹಾಕಿ ತುಳೀತಾ ಮುಂದಿನ ಗೇರು ಬದಲಿಸಬಾರದು. ಆದ್ರೆ ಏರಿನಲ್ಲಿ ಭಾರ ಹಾಕದೆ ತುಳಿಯೋದು ಹೇಗೆ ಸ್ವಾಮಿ? ಹದಿನೈದು ದಿನ ಮೊಣಕಾಲು ಊದಿತ್ತು. ಡಾಕ್ಟರು ನೋಡಿ, ಏಟಿಗಿಂತ ದಿನಾ ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯೋದೇ ನಿಮ್ಮ ಮಂಡಿಗೆ ಕೆಟ್ಟದ್ದು, ಹಗುರಾಗಿ ತುಳೀರಿ, ಇಲ್ಲಾ ಬಿಡಿ ಅಂದ್ರು. ಬಿಟ್ಟಿದ್ರೆ ಅದೂ ಬಾಲ್ಕನಿಯಲ್ಲಿ ಟವಲ್ ಒಣಗಿಸೋ ಸ್ಟ್ಯಾಂಡ್ ಆಗ್ತಿತ್ತು. ನಮ್ಮ ಬೀದಿಯಲ್ಲೇ ಅಂಥವು ನಾಲ್ಕಿವೆ.

ಹಗುರ ಗೇರು ಬೇಕಿತ್ತು, ಹೊಸ ಸೈಕಲ್ಲಿಗೆ ದುಡ್ಡಿರಲಿಲ್ಲ. ಮುಂದಿನ ಡಿರೇಲರ್ ಕಿತ್ತು ಹಾಕಿಸಿ 38 ಹಲ್ಲಿನ ಒಂದೇ ಚಕ್ರ ಕೂರಿಸಿದೆ. ಈ ಚಕ್ರದಲ್ಲಿ ಒಂದು ಹಲ್ಲು ದಪ್ಪ, ಒಂದು ಸಣ್ಣ, ಹೀಗೇ ಸುತ್ತಲೂ. ಚೈನಿನ ಕೊಂಡಿಗಳೂ ಒಂದು ಅಗಲ, ಒಂದು ಕಿರಿದು ಅಲ್ವಾ, ಅದಕ್ಕೆ ಸರಿಯಾಗಿ ಹಿಡ್ಕೊಳ್ಳುತ್ತೆ. 2012ರಲ್ಲಿ ಸ್ರ್ಯಾಮ್ ಕಂಪನಿ ಬೆಟ್ಟದ ಸೈಕಲ್ಲುಗಳಿಗೆ ಅಂತ ತಂದ ಉಪಾಯ ಇದು. ಹಿಂದೆ 11-42 ಕ್ಯಾಸೆಟ್ಟು. ಹಿಂದಿನ ಡಿರೇಲರ್ ಶಿಮಾನೊ ಜಿಆರ್‌ಎಕ್ಸ್ 812. ಅದು 42 ಹಲ್ಲಿನವರೆಗೂ ಹೋಗುತ್ತೆ, ಶಿಮಾನೊದ ಹನ್ನೊಂದು ಸ್ಪೀಡಿನ ರೋಡ್ ಲಿವರುಗಳ ಜೊತೆ ಹೊಂದ್ಕೊಳ್ಳುತ್ತೆ. ಯಾವುದೋ ಬೆಟ್ಟದ ಸೈಕಲ್ಲಿನ ಡಿರೇಲರ್ ತಂದ್ರೆ ಹೊಂದಲ್ಲ, ತಂತಿ ಎಳೆಯೋ ಅಳತೆ ಬೇರೆ. ಇನ್ನೊಂದು ಮಾತು: ಈ ಕ್ಯಾಸೆಟ್ಟನ್ನು ಹನ್ನೊಂದು ಸ್ಪೀಡಿನ ರೋಡ್ ಹಬ್ಬಿಗೆ ಹಾಕುವಾಗ ಹಿಂದೆ 1.85 ಮಿ.ಮೀ. ವಾಶರ್ ಬೇಕು. ನಾನು ಮರೆತು ಹಾಕಿ, ಕಟಕಟ ಸದ್ದು ಎಲ್ಲಿಂದ ಅಂತ ಎರಡು ದಿನ ಹುಡುಕಿದ್ದೆ.

ಈಗ ಲೆಕ್ಕ. ಹಳೇ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ 2.6 ಮೀಟರ್. ಈಗ 1.95. ನಿಮಿಷಕ್ಕೆ 60 ಸುತ್ತು ತುಳಿದ್ರೂ ಗಂಟೆಗೆ 7 ಕಿ.ಮೀ. ಹೋಗ್ತಾ ಇರ್ತೀನಿ, ಅಂದ್ರೆ ನಂದಿಬೆಟ್ಟದ ತಿರುವುಗಳಲ್ಲಿ ಇಳಿದು ತಳ್ಳೋದು ತಪ್ತು. ಮೇಲ್ಗಡೆ 38-11ರಲ್ಲಿ 90 ಸುತ್ತಿಗೆ 40 ಕಿ.ಮೀ. ಅದಕ್ಕಿಂತ ಜೋರು ಬೇಕಾಗೋದು ಇಳಿಜಾರಿನಲ್ಲಿ, ಅಲ್ಲಿ ನಾನು ಬ್ರೇಕ್ ಹಿಡಿದಿರ್ತೀನಿ.

ನಷ್ಟ ಇಲ್ವಾ? ಇದೆ. ಈ ಕ್ಯಾಸೆಟ್ಟಿನಲ್ಲಿ 11 ಆದ್ಮೇಲೆ 13, 15, 17 ಹೀಗೆ ಜಿಗಿಯುತ್ತೆ. ಬಳ್ಳಾರಿ ರಸ್ತೆಯಲ್ಲಿ ಗುಂಪಿನ ಜೊತೆ 25 ಕಿ.ಮೀ. ವೇಗದಲ್ಲಿ ಹೋಗ್ತಿದ್ರೆ, 17ರಲ್ಲಿ ಕಾಲು 86 ಸುತ್ತು, 15ಕ್ಕೆ ಹಾಕಿದ್ರೆ 76. ನಂಗೆ ಹಿತವಾಗಿರೋ 80 ಸಿಗಲ್ಲ. ಒಂದೂವರೆ ಗಂಟೆ ಆದ್ಮೇಲೆ ಇದು ಕಿರಿಕಿರಿ ಅನ್ಸುತ್ತೆ, ಸುಳ್ಳು ಹೇಳಲ್ಲ. ಕ್ಯಾಸೆಟ್ಟು ಭಾರ, ಬೆಲೆಯೂ ಜಾಸ್ತಿ. ತುದಿಯ ಗೇರುಗಳಲ್ಲಿ ಚೈನು ಓರೆಯಾಗಿ ಓಡೋದ್ರಿಂದ ಬೇಗ ಸವೆಯುತ್ತೆ. ಯಾರಿಗಾದ್ರೂ ಬರೀ ಹೈವೇ, ಬರೀ ಗುಂಪು ಸವಾರಿ ಅಂದ್ರೆ ಎರಡು ಚಕ್ರದ್ದೇ ತಗೊಳ್ಳಿ, ನಾನು ಅಡ್ಡ ಬರಲ್ಲ. 2018ರಲ್ಲಿ ಐರ್ಲೆಂಡಿನ ಆಕ್ವಾ ಬ್ಲೂ ಸ್ಪೋರ್ಟ್ ತಂಡ ಒಂದೇ ಚಕ್ರದ ಸೈಕಲ್ಲಿನಲ್ಲಿ ರೇಸಿಗಿಳಿದು ಪಟ್ಟ ಪಾಡು ಆ ಲೋಕದವರಿಗೆಲ್ಲ ಗೊತ್ತು.

ಒಂದೇ ಚಕ್ರ ಆದ್ರೆ ಚೈನು ಬೀಳೋದೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದನ್ನೂ ನಂಬಬೇಡಿ. 2023ರ ಜಿರೋ ಡಿ'ಇಟಾಲಿಯಾದ ಕೊನೆಯ ಹಿಂದಿನ ದಿನ, ಮೊಂಟೆ ಲುಸ್ಸಾರಿ ಬೆಟ್ಟದ ಏರಿನಲ್ಲಿ ಪ್ರಿಮೋಜ್ ರೋಗ್ಲಿಚ್ ಏರಿದ್ದು ಮುಂದೆ ಒಂದೇ ಚಕ್ರ ಇದ್ದ ಸೈಕಲ್ಲು. ನಡುದಾರಿಯಲ್ಲಿ ಚೈನು ಬಿತ್ತು. ಇಳಿದು, ಹಾಕ್ಕೊಂಡು, ತಳ್ಳಿಸ್ಕೊಂಡು ಮತ್ತೆ ಹೊರಟು ಆ ದಿನವನ್ನೂ ಗೆದ್ದ, ಇಡೀ ಜಿರೋವನ್ನೂ 14 ಸೆಕೆಂಡಿನಲ್ಲಿ ಗೆದ್ದ. ನಂದು ಎರಡು ವರ್ಷದಲ್ಲಿ ಬಿದ್ದಿದ್ದು ಒಂದು ಸಲ, ಹಳ್ಳಕ್ಕೆ ಇಳಿದಾಗ. ನನ್ನನ್ನ ಯಾರೂ ತಳ್ಳಲಿಲ್ಲ.

ಚಾಮರಾಜಪೇಟೆಯಲ್ಲಿ ನಾನು ಗಾಳಿ ಹಾಕಿಸೋ ಪಂಚರ್ ಅಂಗಡಿಯ ಹಿರಿಯರು ಈ ಬದಲಾವಣೆ ನೋಡಿ ಖುಷಿಪಟ್ರು. "ಒಂದು ತಂತಿ ಕಮ್ಮಿ ಆಯ್ತಲ್ಲ ಸಾರ್, ಒಂದು ತಲೆನೋವು ಕಮ್ಮಿ" ಅಂದ್ರು. ಅವರ ಅಂಗಡಿ ಮುಂದೆ ನಿಂತಿದ್ದ ಹಳೇ ಕಪ್ಪು ಸೈಕಲ್ಲಿನ ಹಲ್ಲು ಎಣಿಸಿದೆ. ಮುಂದೆ 44, ಹಿಂದೆ 18. ಅದರಲ್ಲಿ ಗ್ಯಾಸ್ ಸಿಲಿಂಡರ್ ಹೇರ್ಕೊಂಡು ಈ ಏರುಗಳನ್ನೆಲ್ಲ ಹತ್ತಿದವರ ಮಂಡಿಗಳ ಕತೆ ಏನೋ!

ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಮತ್ತೊಂದು ಸಲ ಹೇಳಿದೆ. ಒಪ್ಪಿದ್ದಾನೆ. ಶನಿವಾರ ಇಬ್ಬರೂ ಅಂಗಡಿಗೆ ಹೋಗ್ತಿದೀವಿ. ಈಗ ತಕರಾರು ಇರೋದು ಹಲ್ಲಿನ ಲೆಕ್ಕದಲ್ಲಿ ಮಾತ್ರ: ಅವನು 42 ಅಂತಾನೆ, ನಾನು 38 ಅಂತೀನಿ. 40ಕ್ಕೆ ನಿಲ್ಲೋ ಹಾಗಿದೆ.