ಜನಸಂದಣಿಯಲ್ಲಿ ಅಭಯದಾನ

ಭಾದ್ರಪದ ಶುಕ್ಲ ಚತುರ್ಥಿಯಂದು ಊರೂರುಗಳಲ್ಲಿ ಗಣಪತಿಯ ಪ್ರತಿಷ್ಠಾಪನೆ. ಮರುದಿನ ಪಂಚಮಿಯಿಂದ ಬಸದಿಗಳಲ್ಲಿ ದಶಲಕ್ಷಣ ಪರ್ವದ ಆರಂಭ. ಹೀಗಾಗಿ ನಮ್ಮ ಕಲ್ಪತರು ನಾಡಿನಲ್ಲಿ ಉತ್ತಮ ಕ್ಷಮೆಯ ಪೂಜೆಯೂ ರಸಮಂಜರಿಯ ಧ್ವನಿವರ್ಧಕವೂ ಒಂದೇ ಸಂಜೆಗೆ ಕೂಡಿಬರುವುದು ಹೊಸತಲ್ಲ. ಇಂದ್ರಿಯಗಳನ್ನು ಸೆಳೆಯುವ ಗಾನಗೋಷ್ಠಿಗೆ ಶ್ರಾವಕನು ಹೋಗಬಹುದೇ ಎಂದು ಕೇಳುವ ಹಿರಿಯರುಂಟು. ಹೋಗುವುದೂ ಬಿಡುವುದೂ ಅವರವರ ವ್ರತನಿಯಮಕ್ಕೆ ಸೇರಿದ್ದು. ಹೋದ ಮೇಲೆ ಅಲ್ಲಿ ಹೇಗೆ ನಿಲ್ಲಬೇಕೆಂಬುದು ಮಾತ್ರ ಎಲ್ಲರಿಗೂ ಸೇರಿದ ಧರ್ಮದ ಪ್ರಶ್ನೆ.

ತಿಪಟೂರಿನ ಸತ್ಯಗಣಪತಿ ಉತ್ಸವದ ಸಂಗೀತಸಂಜೆಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗರೂ ಬಂದು ಸೇರುತ್ತಾರೆ. ಪಕ್ಕದಲ್ಲಿ ನಿಂತವರ ಊರು, ಜಾತಿ, ಹೆಸರು ಯಾರಿಗೂ ತಿಳಿಯದು. ಆದರೂ ಇಂಥ ನೆರವಿಗಳಲ್ಲಿ ಏನೆಲ್ಲ ನಡೆಯುತ್ತದೆಂಬುದನ್ನು ನೋಡಿದವರೇ ಬಲ್ಲರು. ಕೈತಪ್ಪಿದ ಮಗುವನ್ನು ಯಾರೋ ಹೆಗಲ ಮೇಲೆ ಕೂರಿಸಿಕೊಂಡು ವೇದಿಕೆಯ ಬಳಿಗೆ ಒಯ್ಯುತ್ತಾರೆ. ಹಾಡು ನಿಂತು, ಮಗುವಿನ ಅಂಗಿಯ ಬಣ್ಣ ಮೈಕಿನಲ್ಲಿ ಕೇಳಿಸುತ್ತದೆ. ತಲೆ ಸುತ್ತಿ ಕುಳಿತ ಅಜ್ಜಿಯ ಸುತ್ತ ನಾಲ್ಕು ಜನ ಕೈ ಅಡ್ಡ ಹಿಡಿದು ಗಾಳಿಗೆ ಜಾಗ ಬಿಡಿಸುತ್ತಾರೆ, ಒಬ್ಬರು ಹೆಗಲ ಟವೆಲಿನಿಂದ ಬೀಸುತ್ತಾರೆ. ಮಗುವಿನ ತಾಯಿ ಓಡಿಬರುವ ಹೊತ್ತಿಗೆ ಎತ್ತಿ ತಂದವರು ಜನರೊಳಗೆ ಕರಗಿಹೋಗಿರುತ್ತಾರೆ.

ಇದನ್ನು ಸಣ್ಣ ಸೌಜನ್ಯವೆಂದು ತಳ್ಳಿಹಾಕುವಂತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭ್ರಮಿಸಲೆಂದೇ ಬಂದವರಲ್ಲಿ 11 ಮಂದಿ ನೂಕುನುಗ್ಗಲಿಗೆ ಸಿಲುಕಿ ಪ್ರಾಣ ಬಿಟ್ಟರು. ಅಲ್ಲಿ ಕೊಲ್ಲಬೇಕೆಂದು ಬಂದವರು ಯಾರು? ಒಬ್ಬರೂ ಇಲ್ಲ. ವ್ಯವಸ್ಥೆಯ ಲೋಪಗಳನ್ನು ವಿಚಾರಿಸುವುದು ಸರ್ಕಾರ, ನ್ಯಾಯಾಲಯಗಳ ಕೆಲಸ. ಆದರೆ ದ್ವೇಷವೇ ಇಲ್ಲದೆಡೆಯಲ್ಲೂ ಪ್ರಾಣಹಾನಿ ಹೇಗೆ ಆಗುತ್ತದೆಂಬುದಕ್ಕೆ ನಮ್ಮ ಆಚಾರ್ಯರು ಬಹು ಹಿಂದೆಯೇ ಉತ್ತರವಿತ್ತಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಮೊದಲು ಹಿಡಿಯುವುದು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ರಾಗಾದಿಗಳಿಲ್ಲದೆ ಎಚ್ಚರದಿಂದ ನಡೆಯುವವನ ಕಾಲ್ಕೆಳಗೆ ಅಕಸ್ಮಾತ್ತಾಗಿ ಜೀವ ಹೋದರೂ ಅವನಿಗೆ ಹಿಂಸೆಯ ದೋಷವಿಲ್ಲ. ಪ್ರಮಾದಿಗಾದರೋ, ಯಾವ ಜೀವವೂ ಸಾಯದಿದ್ದರೂ ಹಿಂಸೆ ಅಂಟಿಯೇ ಅಂಟುತ್ತದೆ. ಮುಂದಿನವರನ್ನು ನೂಕಿ, ಯಾರೂ ಬೀಳಲಿಲ್ಲವಲ್ಲ ಎಂದು ನಿಶ್ಚಿಂತರಾಗುವವರು ಈ ಮಾತನ್ನು ಗಮನಿಸಬೇಕು. ಬೀಳದೆ ಉಳಿದದ್ದು ಬಿದ್ದಿಲ್ಲದವರ ಅದೃಷ್ಟ, ನೂಕಿದವರ ಪುಣ್ಯವಲ್ಲ.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿ ಕೆಡಹುವಾಗ ಮರವೇರಿದವನು ಕೆಳಗೆ ಕೂಗಿ ಎಚ್ಚರಿಸುತ್ತಾನೆ. ತೋಟದ ಹಾದಿಯಲ್ಲಿ ಬರುವವನು ಪರಿಚಿತನೋ ಪರಸ್ಥಳದವನೋ ಎಂದು ವಿಚಾರಿಸಿ ಆಮೇಲೆ ಕೂಗುವುದಿಲ್ಲ. ಆ ಕೂಗಿನಲ್ಲಿ ಕರುಣೆಯ ಮಾತೇ ಇಲ್ಲ, ಹಲವು ಸಲ ಗದರಿಕೆಯೇ ಇರುತ್ತದೆ. ಆದರೂ ಜೀವ ಉಳಿಸುವುದು ಅದೇ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಶ್ರಾವಕನಿಗೆ ನಾಲ್ಕು ದಾನಗಳು ವಿಹಿತವಾಗಿವೆ. ಮೊದಲ ಮೂರಕ್ಕೆ ಧನವೋ ವಿದ್ಯೆಯೋ ಬೇಕು. ದಾನ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ರೂಢಿಯೂ ನಮ್ಮಲ್ಲಿ ಸಾಕಷ್ಟಿದೆ, ಇರಲಿ. ಅಭಯದಾನಕ್ಕೆ ಮಾತ್ರ ಬರಿಗೈ ಸಾಕು. ಅಡ್ಡ ಹಿಡಿದ ತೋಳಿನ ಒಳಗೆ ಒಬ್ಬ ಅಪರಿಚಿತೆಯ ಉಸಿರು ಸಮಸ್ಥಿತಿಗೆ ಬಂದರೆ ದಾನ ಸಂದಿತು. ಕೊಟ್ಟವರಿಗೂ ಪಡೆದವರಿಗೂ ಪರಸ್ಪರ ಹೆಸರು ತಿಳಿಯದಿರುವುದರಿಂದ ಅಲ್ಲಿ ಮಾನಕಷಾಯಕ್ಕೆ ಆಸ್ಪದವೇ ಕಡಿಮೆ.

ಪುರಾಣಗಳು ವರ್ಣಿಸುವ ಸಮವಸರಣವೂ ಒಂದು ಮಹಾಸಭೆಯೇ. ಅಲ್ಲಿ ದೇವದುಂದುಭಿ ಮೊಳಗುತ್ತದೆ, ದಿವ್ಯಧ್ವನಿ ಹೊಮ್ಮುತ್ತದೆ, ಹನ್ನೆರಡು ಕೋಷ್ಠಗಳಲ್ಲಿ ದೇವ ಮನುಷ್ಯ ತಿರ್ಯಂಚರೆಲ್ಲ ವೈರ ಮರೆತು ಕುಳಿತು ಆಲಿಸುತ್ತಾರೆ. ಎಷ್ಟು ಜೀವಗಳು ಬಂದರೂ ಅಲ್ಲಿ ಇಕ್ಕಟ್ಟಿಲ್ಲ, ಭಯವಿಲ್ಲ. ಅದು ತೀರ್ಥಂಕರರ ಅತಿಶಯ. ನಮ್ಮ ಮೈದಾನಗಳಿಗೆ ಅಂಥ ಅತಿಶಯವಿಲ್ಲ. ಹಗ್ಗ ಕಟ್ಟಿ ದಾರಿ ಬಿಡಿಸಬೇಕು, ಕುಡಿಯುವ ನೀರಿಡಬೇಕು, ಹೊರಹೋಗುವ ಬಾಗಿಲಿಗೆ ಅಂಗಡಿ ಹಾಕಗೊಡಬಾರದು. ಕೇಳುಗರು ಮಾಡಬೇಕಾದದ್ದು ಇನ್ನೂ ಸುಲಭ. ಕೊನೆಯ ಹಾಡು ಮುಗಿದೊಡನೆ ಎಲ್ಲರೂ ಒಟ್ಟಿಗೆ ಏಳುವ ಆ ಹೊತ್ತಿನಲ್ಲಿ ಐದು ನಿಮಿಷ ಕುಳಿತಲ್ಲೇ ಕುಳಿತು, ಮಕ್ಕಳಿರುವವರನ್ನೂ ಮುದುಕರನ್ನೂ ಮುಂದೆ ಬಿಡಬಹುದು.